ಬಿಸ್ಕಿಟ್‌ಗಾಗಿ ಒಂಬತ್ತು ದಿನ

ಈಜುವ ಕನ್ನಡಕ ಎಲ್ಲೂ ಸಿಗಲಿಲ್ಲ. ಸೋಫಾದ ಸಂದಿ, ಕಾರಿನ ಹಿಂದಿನ ಸೀಟು, ಬಟ್ಟೆಬುಟ್ಟಿ ಎಲ್ಲ ಜಾಲಾಡಿ ಆಯಿತು. ಒಂಬತ್ತೂವರೆಗೆ ಈಜಿನ ಕ್ಲಾಸು. ಐದು ವರ್ಷದ ಋತ್ವಿಕ್ ಆಗಲೇ ಈಜುಚಡ್ಡಿ ಹಾಕಿಕೊಂಡು ಬಾಗಿಲ ಹತ್ತಿರ ಅಳುವುದಕ್ಕೆ ತಯಾರಾಗಿ ನಿಂತಿದ್ದ. ಹುಡುಕಿ ಸುಸ್ತಾದ ಸಿಂಚನಾ, ತಾನೇನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ, ಕೈಯಲ್ಲಿದ್ದ ಟವೆಲ್ಲಿನ ತುದಿಗೆ ಒಂದು ಗಂಟು ಹಾಕಿದಳು. ತುಟಿ ತಾನಾಗಿಯೇ ಅಲ್ಲಾಡಿತು.

"ಅಂತೋನಪ್ಪ, ಸಿಗೋ ತನಕ ಬಿಚ್ಚಲ್ಲ."

"ಹೂ ಈಸ್ ಅಂತೋನಪ್ಪ?" ಎಂದಳು ಮಾಲವಿಕಾ, ಋತ್ವಿಕನ ಅಕ್ಕ. ಎಂಟು ವರ್ಷದ ಹುಡುಗಿ. ಕರೆದಾಗ ಕೇಳಿಸದ ಕಿವಿ ಇಂಥದ್ದಕ್ಕೆ ಮಾತ್ರ ಚುರುಕು.

"ಯಾರೂ ಇಲ್ಲ. ಸುಮ್ನೆ."

"ನೋ, ಚಿಕ್ಕಮ್ಮ. ನೀವು ಯಾರ್ ಹತ್ರಾನೋ ಮಾತಾಡಿದ್ರಿ."

ಅಷ್ಟರಲ್ಲಿ ಕನ್ನಡಕ ಋತ್ವಿಕನ ಗಂಬೂಟಿನ ಒಳಗೆ ಸಿಕ್ಕಿತು. ಸಿಂಚನಾ ಗಡಬಡಿಸಿ ಗಂಟು ಬಿಚ್ಚಿದಳು. ಮಾಲವಿಕಾ ಕನ್ನಡಕವನ್ನು ನೋಡಲಿಲ್ಲ. ಗಂಟು ಇದ್ದ ಜಾಗದಲ್ಲಿ ಟವೆಲ್ಲಿನ ಮೇಲೆ ಉಳಿದಿದ್ದ ಸುಕ್ಕನ್ನು ನೋಡುತ್ತ ನಿಂತಳು.

ಪರ್ತ್ ನಗರದಂಚಿನ ಪಿಯಾರಾ ವಾಟರ್ಸ್‌ನ ಈ ಮನೆಯಲ್ಲಿ ದೇವರಿರಲಿಲ್ಲ. ಇರಲಿಲ್ಲ ಎಂದರೆ ಮರೆತು ಬಿಟ್ಟದ್ದಲ್ಲ, ಬಾಗಿಲಲ್ಲೇ ತಡೆದು ನಿಲ್ಲಿಸಿದ್ದು. ಸಿಂಚನಾ ಬಂದ ದಿನ, ಸೂಟ್‌ಕೇಸ್ ಇನ್ನೂ ಕೈಯಲ್ಲಿರುವಾಗಲೇ ಅವಳ ಅಕ್ಕ, ಮಕ್ಕಳ ತಾಯಿ ಅಪರ್ಣಾ ಹೇಳಿಬಿಟ್ಟಿದ್ದಳು: "ಮಕ್ಕಳ ಮುಂದೆ ದೇವರು, ಹರಕೆ, ಪಾಪ, ಪುಣ್ಯ ಯಾವುದೂ ಬೇಡ. ಅದೊಂದು ನಡೆಸ್ಕೊಡು. ಬೇರೆ ಏನ್ ಬೇಕಾದ್ರೂ ಮಾಡ್ಕೊಂಡು ಇರು." ಕಾರ್ಕಳದಿಂದ ಅಪರ್ಣಾಳ ಅತ್ತೆ ಕಳಿಸಿದ್ದ ಅಂಗೈಯಗಲದ ಜಿನಬಿಂಬ ಬಂದ ಡಬ್ಬದಲ್ಲೇ ವಾಪಸು ಹೋಗಿತ್ತು. ಪಕ್ಕದ ಬೀದಿಯ ತೆಲುಗಿನವರು ಸತ್ಯನಾರಾಯಣ ಪೂಜೆಯ ಪ್ರಸಾದ ತಂದರೆ ಅಪರ್ಣಾ ಹೊರಬಾಗಿಲಲ್ಲೇ ನಿಂತು, "ಥ್ಯಾಂಕ್ಸ್, ನಾವು ತಗೊಳ್ಳಲ್ಲ" ಎನ್ನುತ್ತಿದ್ದಳು. ಶಾಲೆಯಲ್ಲಿ ವಾರಕ್ಕೆ ಅರ್ಧ ಗಂಟೆ ಯಾರೋ ಬಂದು ಬೈಬಲ್ ಕಥೆ ಹೇಳುವ ಹೊತ್ತಿಗೆ ಮಾಲವಿಕಾ ಲೈಬ್ರರಿಯಲ್ಲಿ ಒಬ್ಬಳೇ ಕೂತು ಬಣ್ಣ ತುಂಬುತ್ತಿದ್ದಳು.

ಹಾಗೆಂದು ಮನೆಯಲ್ಲಿ ಶಿಸ್ತಿಗೆ ಕೊರತೆ ಇರಲಿಲ್ಲ. ಸೋಮವಾರ ಬೆಳಿಗ್ಗೆ ಉಗುರು ಪರೀಕ್ಷೆ. ತಟ್ಟೆಯಲ್ಲಿ ಒಂದಗುಳು ಬಿಡುವಂತಿಲ್ಲ. ದೊಡ್ಡವರು ಒಳಗೆ ಬಂದರೆ ಎದ್ದು ನಿಲ್ಲಬೇಕು. ಹೊದಿಕೆಯ ಮೂಲೆ ಮೂಲೆಗೆ ಕೂಡಿಸಿ ಮಡಿಸಬೇಕು. "ನಮ್ಮನೇಲಿ ದೇವರಿಲ್ಲ ಸಿಂಚನಾ, ಮದರ್ ಸುಪೀರಿಯರ್ ಮಾತ್ರ ಇದಾರೆ" ಎಂದು ಭಾವ ಭರತೇಶ್ ಮೊದಲ ದಿನದ ಊಟಕ್ಕೆ ನಗಾಡಿದ್ದ. ಅಪರ್ಣಾ ನಗಲಿಲ್ಲ. ಅವಳ ಮುಖ ನೋಡಿ ಸಿಂಚನಾ ಅರ್ಧ ನಕ್ಕದ್ದನ್ನು ನುಂಗಿಕೊಂಡಳು.

ಇಬ್ಬರೂ ಓದಿದ್ದು ಹಾಸನ ಸೀಮೆಯ ಒಂದು ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ. ತಾಯಿ ಕಾಯಿಲೆ ಬಿದ್ದಾಗ ಲೈನ್‌ಮನ್ ಕೆಲಸದ ಅಪ್ಪ ಇಬ್ಬರನ್ನೂ ಒಟ್ಟಿಗೆ ಅಲ್ಲಿ ಬಿಟ್ಟಿದ್ದ. ಅಪರ್ಣಾಗೆ ಹದಿನಾಲ್ಕು, ಸಿಂಚನಾಗೆ ಐದು. ತಾಯಿ ಆ ವರ್ಷವೇ ಹೋದಳು. ಅಪ್ಪನೂ ಹೋಗಿ ಈಗ ಮೂರು ವರ್ಷ. ಸಿಂಚನಾಗೆ ತನ್ನವರು ಅಂತ ಉಳಿದಿದ್ದು ಅಕ್ಕ ಒಬ್ಬಳೇ. ಆ ಅಕ್ಕ ಕರ್ತವ್ಯದಲ್ಲಿ ಯಾವತ್ತೂ ತಪ್ಪಿದವಳಲ್ಲ. ಪಾಸ್‌ಪೋರ್ಟ್ ಮಾಡಿಸಿದಳು, ಬ್ರಿಸ್ಬೇನ್‌ನಲ್ಲಿ ಸೀಟು ಹುಡುಕಿದಳು, ವೀಸಾ ಫಾರಂ ಸಾಲು ಸಾಲಾಗಿ ತಾನೇ ತುಂಬಿಸಿದಳು. ಆದರೆ ಒಂದು ಸಲ ಸುಮ್ಮನೆ ಫೋನ್ ಮಾಡಿ "ಏನೇ ಮಾಡ್ತಿದೀಯ?" ಅಂದದ್ದಿಲ್ಲ. ಪರ್ತ್‌ಗೆ ಬಂದಿಳಿದ ದಿನ ಏರ್‌ಪೋರ್ಟಿನಲ್ಲಿ ಎಲ್ಲರೂ ತಮ್ಮ ತಮ್ಮವರನ್ನು ತಬ್ಬಿಕೊಳ್ಳುತ್ತಿದ್ದರೆ ಅಪರ್ಣಾ ಸೂಟ್‌ಕೇಸಿನ ಹಿಡಿ ಹಿಡಿದುಕೊಂಡಿದ್ದಳು. ಬ್ರಿಸ್ಬೇನಿನ ಟೂವಾಂಗ್‌ನ ಬಾಡಿಗೆ ಮನೆಯಲ್ಲಿ ನಾಲ್ವರು ಹುಡುಗಿಯರ ನಡುವೆ ಎರಡು ವರ್ಷ ಹೆಚ್ಚು ಮಾತಿಲ್ಲದೆ ಕಳೆದ ಸಿಂಚನಾಗೆ ಅಡಿಲೇಡ್‌ನ ಒಂದು ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಫೆಬ್ರವರಿಗೆ ಸೇರಬೇಕು, ಅಲ್ಲಿಯ ರೂಮೂ ಆಗಲೇ ಸಿಗುವುದು. ನಡುವಿನ ಜನವರಿ ಒಂದು ತಿಂಗಳು ಅಕ್ಕನ ಮನೆ. ಈ ತಿಂಗಳಲ್ಲಿ ಏನಾದರೂ ಸರಿಹೋದೀತು ಎಂದು ಅವಳು ಒಳಗೊಳಗೇ ಆಸೆ ಕಟ್ಟಿಕೊಂಡು ಬಂದಿದ್ದಳು. ಸರಿಹೋಗಬೇಕಾದದ್ದು ಏನೆಂದು ಮಾತ್ರ ಅವಳಿಗೂ ಗೊತ್ತಿರಲಿಲ್ಲ.

ಕನ್ನಡಕ ಸಿಕ್ಕ ನಾಲ್ಕನೆಯ ದಿನ ಬಿಸ್ಕಿಟ್ ಹಾರಿಹೋಯಿತು.

ಬಿಸ್ಕಿಟ್ ಎಂದರೆ ಮಾಲವಿಕಾಳ ಹಕ್ಕಿ. ಬೂದು ಮೈ, ಹಳದಿ ಜುಟ್ಟು, ಎರಡು ಕೆನ್ನೆಗೂ ಕಿತ್ತಳೆ ಬಣ್ಣದ ಬೊಟ್ಟು. ಪಂಜರದಿಂದ ಹೊರಗೆ ಬಿಟ್ಟಾಗ ಅವಳ ಹೆಗಲ ಮೇಲೆ ಕೂತು ಕಿವಿಯೋಲೆ ಕುಕ್ಕುತ್ತಿತ್ತು. ಅವತ್ತು ಹಾಗೆ ಕೂತಿದ್ದಾಗಲೇ ಋತ್ವಿಕ್ ಐಸ್‌ಕ್ಯಾಂಡಿ ಹಿಡಿದು ಹಿತ್ತಲಿಗೆ ಓಡಿದ, ಜಾಲರಿ ಬಾಗಿಲು ಹಾಕಲಿಲ್ಲ. ಹಕ್ಕಿ ತಗಡಿನ ಬೇಲಿಯ ಮೇಲೆ ಒಂದು ಗಳಿಗೆ ಕೂತು, ಇತ್ತ ನೋಡಿ, ಹೋಗಿಯೇಬಿಟ್ಟಿತು. ಮಾಲವಿಕಾ ಕೂಗಿಕೊಂಡ ರೀತಿಗೆ ಪಕ್ಕದ ಮನೆಯ ಮುದುಕ ಹೊರಗೆ ಬಂದು ನೋಡಿದ. ಭರತೇಶ್ ಬಡಾವಣೆಯ ಫೇಸ್‌ಬುಕ್ ಗುಂಪಿನಲ್ಲಿ ಫೋಟೋ ಹಾಕಿದ. ಮೂರು ಲೈಟ್ ಕಂಬಗಳಿಗೆ ಚೀಟಿ ಅಂಟಿಸಿ ಬಂದ. ಅಪರ್ಣಾ ಮಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: "ಪುಟ್ಟಾ, ಈ ಬಿಸಿಲಲ್ಲಿ ಸಾಕಿದ ಹಕ್ಕಿ ಎರಡು ದಿನ ಬದುಕಿದ್ರೆ ಹೆಚ್ಚು. ಸುಳ್ಳು ಹೇಳಲ್ಲ ನಾನು."

ಸಂಜೆ ಮಾಲವಿಕಾ ಸಿಂಚನಾಳ ಕೋಣೆಗೆ ಬಂದಳು. ನೈಟಿಯ ಅಂಚಿಗೆ ಗಂಟು ಹಾಕಿಕೊಂಡಿದ್ದಳು.

"ಅಂತೋನಪ್ಪಂಗೆ ಹೇಳ್ದೆ. ಬಟ್ ಬಿಸ್ಕಿಟ್ ಬರ್ಲಿಲ್ಲ."

ಆಗಲೇ ಹೇಳಬೇಕಿತ್ತು: ಅದೆಲ್ಲ ಏನಿಲ್ಲ ಕಣೇ, ಹಾಸ್ಟೆಲ್ ಹುಡುಗೀರ ಆಟ ಅದು, ಪೆನ್ನು ಕಳೆದರೆ ಲಂಗಕ್ಕೆ ಗಂಟು ಹಾಕ್ತಿದ್ವಿ, ಹಿಂದೂ ಹುಡುಗೀರೂ ಹಾಕ್ತಿದ್ವಿ, ಮುಸ್ಲಿಂ ಹುಡುಗೀರೂ ಹಾಕ್ತಿದ್ರು, ಕಳೆದದ್ದು ಹುಡುಕಿಕೊಡೋ ಆ ಸಂತ ಅಂತೋನಿ ಯಾರೂಂತ ನಮಗೇ ಗೊತ್ತಿರಲಿಲ್ಲ ಎಂದು. ಆದರೆ ಮಾಲವಿಕಾ ಅತ್ತು ಬಿಸಿಯಾದ ಮುಖವನ್ನು ಅವಳ ತೋಳಿಗೆ ಒತ್ತಿ ಹಿಡಿದಿದ್ದಳು. ಈ ಮನೆಗೆ ಬಂದು ಹತ್ತು ದಿನವಾಗಿದ್ದರೂ ಯಾರೊಬ್ಬರೂ ಸಿಂಚನಾಳನ್ನು ಹೀಗೆ ಮುಟ್ಟಿರಲಿಲ್ಲ. ಹುಡುಗಿ ಎದ್ದು ಹೋಗದಿರಲಿ ಎಂದು ಸಿಂಚನಾ ಮಾತಾಡಿದಳು.

"ಚಿಕ್ಕ ಚಿಕ್ಕ ವಸ್ತುಗೆ ಗಂಟು. ದೊಡ್ಡದಕ್ಕೆ ಒಂಬತ್ತು ದಿನ ಮಾಡ್ತಿದ್ವಿ ನಾವು."

"ಒಂಬತ್ತು ದಿನ ಏನು?"

"ಮಂಡಿಯೂರಿ, ಕಣ್ ಮುಚ್ಕೊಂಡು, ಒಂದೇ ವಿಷ್ಯ ಕೇಳ್ಕೊಳ್ಳೋದು. ದಿನಾ ಒಂದೇ ಹೊತ್ತಿಗೆ. ನಾನೂ ನಿಮ್ಮಮ್ಮನೂ ಮಾಡಿದ್ವಿ ಒಂದ್ಸಲ." ಹೇಳುತ್ತ ಹೋದ ಹಾಗೆ ಅವಳ ದನಿ ಮೆತ್ತಗಾಯಿತು. ಬಾಲ್ಯದಿಂದ ಅವಳ ನೆನಪಿನಲ್ಲಿ ಸ್ಪಷ್ಟವಾಗಿ ಉಳಿದ ಒಂದೇ ಒಂದು ಚಂದದ ಚಿತ್ರ ಅದು. ಸಣ್ಣ ಪ್ರಾರ್ಥನಾ ಮಂದಿರ, ಮೇಣದ ವಾಸನೆ, ಪಕ್ಕದಲ್ಲಿ ಅಕ್ಕ, ತನ್ನ ಕೈ ಅಕ್ಕನ ಕೈಯೊಳಗೆ. ಏತಕ್ಕೆ ಕೂತಿದ್ದರು, ಏನು ಕೇಳಿಕೊಂಡರು ಎಂಬುದೆಲ್ಲ ಅಳಿಸಿಹೋಗಿತ್ತು. ಕೈ ಮಾತ್ರ ಉಳಿದಿತ್ತು.

"ಹಂಗೆ ಮಾಡಿದ್ರೆ ಬರುತ್ತಾ?"

ಸಿಂಚನಾ ಅವಳ ಹಣೆಯ ಕೂದಲು ಸರಿಸಿದಳು. "ಬರುತ್ತೆ" ಎಂದಳು. ಆಮೇಲೆ, "ಅಮ್ಮಂಗೆ ಹೇಳ್ಬೇಡ, ಆಯ್ತಾ?" ಎಂದೂ ಸೇರಿಸಿದಳು.

ಅಪರ್ಣಾಗೆ ಕ್ಯಾನಿಂಗ್ಟನ್‌ನ ಔಷಧಿ ಅಂಗಡಿಯಲ್ಲಿ ಕೆಲಸ, ಬರುವುದು ಆರರ ಮೇಲೆ. ಭರತೇಶ್ ಮನೆಯಲ್ಲಿದ್ದರೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮುಂದಿನ ಕೋಣೆಯಲ್ಲಿ ಮುಳುಗಿಹೋಗಿರುತ್ತಿದ್ದ. ಮಧ್ಯಾಹ್ನ ಮೂರಕ್ಕೆ ಮಾಲವಿಕಾ ತಮ್ಮನನ್ನು ಕರೆದುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಹಕ್ಕಿ ಕೂತು ಹೋದ ಬೇಲಿಯ ಎದುರು, ಇಟ್ಟಿಗೆ ಹಾಸಿನ ಮೇಲೆ. ಆ ಅರ್ಧ ಗಂಟೆ ಮಕ್ಕಳ ಗಲಾಟೆ ಇಲ್ಲದ್ದರಿಂದ ಸಿಂಚನಾ ಅಡಿಲೇಡ್‌ನವರು ಕಳಿಸಿದ ಸುರಕ್ಷತಾ ಪಾಠಗಳನ್ನು ಲ್ಯಾಪ್‌ಟಾಪಿನಲ್ಲಿ ಮುಗಿಸುತ್ತಿದ್ದಳು. ಒಂದು ದಿನ ಕಿಟಕಿಯಿಂದ ನೋಡಿದಾಗ ಎರಡು ಪುಟ್ಟ ತಲೆಗಳು ಒಟ್ಟಿಗೆ ಬಾಗಿದ್ದವು. ಅವಳ ಎದೆ ತುಂಬಿಬಂತು. ಅಕ್ಕ ಒಂದು ಸಲ ಇದನ್ನು ನೋಡಬೇಕು ಎಂದುಕೊಂಡಳು. ನೋಡಬಾರದು ಎಂದೂ ಅಂದುಕೊಂಡಳು. ಮಾಲವಿಕಾಳ ಮಂಡಿಯ ಕೆಳಗೆ ಸೋಫಾದ ದಿಂಬು ಇದೆ, ಋತ್ವಿಕನ ಮಂಡಿಯ ಕೆಳಗೆ ಬರಿ ಇಟ್ಟಿಗೆ ಮಾತ್ರ ಎಂಬುದು ಕಿಟಕಿಯಿಂದ ಕಾಣುತ್ತಿರಲಿಲ್ಲ.

ಒಂಬತ್ತನೆಯ ದಿನ ನಲವತ್ತು ಡಿಗ್ರಿ ದಾಟಿತ್ತು. ಜೊತೆಯ ಹುಡುಗಿಯೊಂದಿಗೆ ಪಾಳಿ ಬದಲಾಯಿಸಿಕೊಂಡ ಅಪರ್ಣಾ ಅವತ್ತು ಮೂರೂಕಾಲಿಗೇ ಮನೆಗೆ ಬಂದಳು. ಕೈಚೀಲ ಕೆಳಗಿಡುವಷ್ಟರಲ್ಲಿ ಹಿತ್ತಲಿನಿಂದ ಚಟಾರನೆ ಶಬ್ದ ಬಂತು. ಆಮೇಲೆ ಮಗಳ ದನಿ:

"ಕ್ಲೋಸ್ ಯುವರ್ ಐಸ್! ಸ್ಟುಪಿಡ್! ಇಟ್ಸ್ ದ ಲಾಸ್ಟ್ ಡೇ!"

ಸಿಂಚನಾ ಕೋಣೆಯಿಂದ ಓಡಿ ಬರುವ ಹೊತ್ತಿಗೆ ಅಪರ್ಣಾ ಮಗನನ್ನು ಎತ್ತಿಕೊಂಡು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ಎರಡೂ ಕಾಲನ್ನು ಸಿಂಕಿನೊಳಗಿಟ್ಟು ತಣ್ಣೀರು ಬಿಟ್ಟಿದ್ದಳು. ಎರಡು ಮಂಡಿಯೂ ಕೆಂಪಗೆ ಸುಟ್ಟಿದ್ದವು. ಬಲಗಡೆಯದರ ಮೇಲೆ ನೀರುಗುಳ್ಳೆ. ಕೆನ್ನೆಯ ಮೇಲೆ ನಾಲ್ಕು ಬೆರಳಿನ ಗುರುತು. ಋತ್ವಿಕ್ ಜೋರಾಗಿ ಅಳುತ್ತಲೂ ಇರಲಿಲ್ಲ, ತಪ್ಪು ಮಾಡಿದವನ ಹಾಗೆ ಬಿಕ್ಕುತ್ತಿದ್ದ.

"ಹಿ ಡಿಡ್ ಇಟ್!" ಮಾಲವಿಕಾ ಬಾಗಿಲಲ್ಲಿ ನಿಂತು ಕಿರುಚಿದಳು. "ಫಸ್ಟ್ ಬಾಗಿಲು ತೆಗ್ದ. ಆಮೇಲೆ ಡೇ ಫೈವ್ ಕಣ್ ಬಿಟ್ಟ, ಹಲ್ಲಿ ನೋಡೋಕೆ! ನಾನು ನೋಡ್ದೆ! ಅದಕ್ಕೇ ಬಿಸ್ಕಿಟ್ ಬರ್ಲಿಲ್ಲ. ಹಿ ಕಿಲ್ಡ್ ಹಿಮ್!"

ಅಪರ್ಣಾ ತಿರುಗಿ ಮಗಳ ಮುಖ ನೋಡಿದಳು. ಬೈಯಲಿಲ್ಲ. ತುಂಬಾ ಹೊತ್ತು ನೋಡಿದಳು. ನಲ್ಲಿ ಹರಿಯುತ್ತಲೇ ಇತ್ತು.

"ಯಾರು ಹೇಳ್ಕೊಟ್ಟಿದ್ದು ಇದನ್ನ?"

ಮಾಲವಿಕಾ ತುಟಿ ಬಿಗಿದಳು. "ಇಟ್ಸ್ ಅ ಸೀಕ್ರೆಟ್."

"ನಾನು, ಅಕ್ಕ" ಎಂದಳು ಸಿಂಚನಾ. "ನಾನೇ ಹೇಳಿದ್ದು."

ಅಪರ್ಣಾ ಅವಳ ಕಡೆ ನೋಡಲೇ ಇಲ್ಲ. ಮಗನ ಮಂಡಿಗೆ ಅಂಟದ ಪಟ್ಟಿ ಇಟ್ಟು, ಬಟ್ಟೆ ಸುತ್ತಿ, ಎತ್ತಿಕೊಂಡು ಹೋಗಿ ತನ್ನ ಮಂಚದ ಮೇಲೆ ಫ್ಯಾನಿನ ಕೆಳಗೆ ಮಲಗಿಸಿದಳು. ಮಗಳಿಗೆ ಕೋಣೆಗೆ ಹೋಗೆಂದು ಬೆರಳು ತೋರಿಸಿದಳು. ಆಮೇಲೆ ಬಂದು, ಒದ್ದೆ ಕೈಯಲ್ಲೇ ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಒಂದೇ ಒಂದು ಕೇಳಿದ್ದೆ ನಿನ್ನ."

"ಮಗು ತುಂಬಾ ಅಳ್ತಿತ್ತು ಅಕ್ಕ. ಸಮಾಧಾನಕ್ಕೆ..."

"ಸಮಾಧಾನಕ್ಕೆ! ಆ ಮಾತೇ. ಅದೇ ಮಾತಲ್ಲೇ ಶುರು ಮಾಡ್ತಾರೆ ಎಲ್ರೂ. ಅವಳ ಸಮಾಧಾನಕ್ಕೋ, ನಿನ್ನ ಸಮಾಧಾನಕ್ಕೋ? ಮಕ್ಕಳು ಅಂಟ್ಕೊಂಡ್ರೆ ಹಿತ ಅಲ್ವಾ ನಿಂಗೆ? ನಿನ್ ತೀಟೆಗೆ ನನ್ ಮಕ್ಕಳು ಬೇಕಾಯ್ತು."

ಗಲಾಟೆ ಕೇಳಿ ಭರತೇಶ್ ಹೆಡ್‌ಫೋನ್ ಕತ್ತಿಗಿಳಿಸಿಕೊಂಡು ಬಂದ. "ಏನಾಯ್ತು? ಓ... ಬಿಡು ಅಪರ್ಣಾ, ಮಕ್ಕಳಾಟ. ಬಿಸಿಲಲ್ಲಿ ಬರಿಗಾಲಲ್ಲಿ ಓಡಿದ್ರೂ ಸುಡುತ್ತೆ."

"ಭರತೇಶ್, ನೀನು ಮನೇಲೇ ಇದ್ದೆ. ಒಂಬತ್ತು ದಿನ. ನಿನ್ ಮಗ ಇಟ್ಟಿಗೆ ಮೇಲೆ ಮಂಡಿಯೂರಿದಾನೆ. ಹೋಗು, ನಿನ್ ಮೀಟಿಂಗ್‌ಗೆ ಹೋಗು."

ಅವನು ಸಿಂಚನಾಳ ಕಡೆ ಒಂದು ಸಲ ನೋಡಿ, ಬಂದ ಹಾಗೆಯೇ ಹೋದ. ಇಷ್ಟು ವರ್ಷ ಅಕ್ಕನ ಎದುರು ತಲೆ ಎತ್ತದ ಸಿಂಚನಾ ಈಗ ಎತ್ತಿದಳು.

"ತಪ್ಪು ನಂದೇ. ಒಪ್ಕೋತೀನಿ. ಆದ್ರೆ ನೀನೇನ್ ಬಿಟ್ಟಿದೀಯ ಅಕ್ಕ? ಉಗುರು ನೋಡ್ತೀಯ, ತಟ್ಟೆ ನೋಡ್ತೀಯ, ಹೊದಿಕೆ ಮೂಲೆ ನೋಡ್ತೀಯ. ಇಡೀ ಮನೇನ ಹಾಸ್ಟೆಲ್ ಮಾಡಿಟ್ಟಿದೀಯ. ಅಲ್ಲಿದ್ದಿದ್ರಲ್ಲಿ ಒಂದೇ ಒಂದು ಚೆನ್ನಾಗಿತ್ತು, ಅದನ್ನ ಮಾತ್ರ ಬಾಗಿಲಾಚೆ ಇಟ್ಟಿದೀಯ."

"ಏನು ಚೆನ್ನಾಗಿತ್ತು?"

"ಆ ಒಂಬತ್ತು ದಿನ. ನೀನೂ ನಾನೂ ಕೂತಿದ್ದು. ನಂಗೆ ಚಿಕ್ಕಂದಿನದು ಬೇರೆ ಏನೂ ನೆನಪಿಲ್ಲ, ಅಮ್ಮನ ಮುಖಾನೂ ಸರಿಯಾಗಿ ನೆನಪಿಲ್ಲ. ನೀನು ನನ್ ಕೈ ಹಿಡ್ಕೊಂಡಿದ್ದೆ. ಅದೊಂದು ನೆನಪಿದೆ."

ಅಪರ್ಣಾ ನಕ್ಕಳು. ಅಂಥ ನಗುವನ್ನು ಸಿಂಚನಾ ಹಿಂದೆ ಕಂಡಿರಲಿಲ್ಲ.

"ಕೈ ಹಿಡ್ಕೊಂಡಿರ್ಲಿಲ್ಲ ಕಣೇ. ಚಿವುಟ್ತಿದ್ದೆ. ನೀನು ನಿದ್ದೆ ಹೋಗ್ಬಾರ್ದು ಅಂತ."

ಹೊರಗೆ ಬೇಲಿಯ ತಗಡು ಬಿಸಿಲಿಗೆ ಟಕ್ಕೆಂದಿತು.

"ಯಾತಕ್ಕೆ ಕೂತಿದ್ವಿ ಅಂತ ಗೊತ್ತಾ? ಅಮ್ಮ ಮಂಗಳೂರು ಆಸ್ಪತ್ರೇಲಿ ಇದ್ಲು. ಸಿಸ್ಟರ್ ಕ್ಲಾರಿಸ್ ಹೇಳಿದ್ರು, ಇಬ್ರು ಮಕ್ಕಳೂ ಒಂಬತ್ತು ದಿನ ತಪ್ಪದೆ ಕೇಳ್ಕೊಂಡ್ರೆ ದೇವರು ಮಕ್ಕಳ ಮಾತು ತಳ್ಳಿಹಾಕಲ್ಲ ಅಂತ. ಒಳ್ಳೇವ್ರೇ ಅವ್ರು. ನಂಬಿಕೊಂಡೇ ಹೇಳಿದ್ರು. ಆರನೇ ದಿನ ನೀನು ಬೆಂಚಿಗೆ ತಲೆ ಕೊಟ್ಟು ನಿದ್ದೆ ಹೋದೆ. ಚಿವುಟಿದೆ, ಏಳ್ಲಿಲ್ಲ. ಹೊಡೆದೆ, ಏಳ್ಲಿಲ್ಲ. ಹತ್ತನೇ ದಿನ ಅಪ್ಪ ಬಂದ್ರು, ಕರ್ಕೊಂಡು ಹೋಗೋಕೆ. ಸಿಸ್ಟರ್ ನನ್ ತಲೆ ಸವರಿ ಒಂದೇ ಮಾತು ಕೇಳಿದ್ರು. 'ಎಲ್ಲಾ ದಿನಾನೂ ಸರಿಯಾಗಿ ಮಾಡಿದ್ರಲ್ವಾ?' ಅಷ್ಟೇ."

"ಅಕ್ಕ, ನಂಗೆ ಐದು ವರ್ಷ..."

"ಗೊತ್ತು. ಐದು ವರ್ಷ ಅಂತ ನಂಗೆ ಗೊತ್ತಿಲ್ವಾ? ಫಾರ್ಮಸಿ ಓದಿದೀನಿ, ಆ ಕ್ಯಾನ್ಸರ್ ಹೆಸ್ರು ಗೊತ್ತು, ಆಗಲೇ ಯಾವ ಹಂತದಲ್ಲಿತ್ತು ಅಂತಾನೂ ಗೊತ್ತು. ನೀನು ಎಚ್ಚರ ಇದ್ರೂ ಅವಳು ಹೋಗ್ತಿದ್ಲು. ದೇವರನ್ನ ಬಿಡೋಕೆ ನಂಗೆ ಒಂದು ವರ್ಷಾನೂ ಬೇಕಾಗ್ಲಿಲ್ಲ. ಇದೊಂದನ್ನ ಬಿಡೋಕೆ ಇಪ್ಪತ್ತೊಂದು ವರ್ಷ ಆದ್ರೂ ಆಗಿಲ್ಲ. ನಿನ್ ಮುಖ ನೋಡಿದ್ ತಕ್ಷಣ ಮೊದಲು ಬರೋದು ಅದು. ಆಮೇಲೆ ನನ್ನ ನಾನೇ ಬೈಕೊಂಡು ನಿನ್ ಫಾರಂ ತುಂಬ್ತೀನಿ, ಟಿಕೆಟ್ ಮಾಡ್ತೀನಿ." ಅವಳು ಕುರ್ಚಿಯನ್ನು ಮೇಜಿನ ಕೆಳಕ್ಕೆ ತಳ್ಳಿದಳು. "ಯಾಕೆ ಈ ಮನೇಲಿ ಬೇಡ ಅಂದಿದ್ದು ಗೊತ್ತಾ? ಇವತ್ತು ಅವಳು ಅವನನ್ನ ನೋಡಿದ್ಲಲ್ಲ, ಆ ನೋಟ. ಅದು ಬರ್ಬಾರ್ದು ಅಂತ. ಎಂಟು ವರ್ಷ ತಡೆದಿಟ್ಟಿದ್ದೆ ನಾನು. ನೀನು ಹತ್ತೊಂಬತ್ತು ದಿನದಲ್ಲಿ ತಂದಿಟ್ಟೆ."

ಜನ್ಮವಿಡೀ ಸಿಂಚನಾ ತನ್ನಲ್ಲಿ ಹುಡುಕಿದ ಕೊರತೆ, ತಾನು ದಡ್ಡಿ ಎಂದೋ, ಮಂಕು ಎಂದೋ, ಕಪ್ಪು ಎಂದೋ ಎಣಿಸಿಕೊಂಡದ್ದು, ಇಷ್ಟೇ ಆಗಿತ್ತು. ಒಂದು ಮಧ್ಯಾಹ್ನದ ನಿದ್ದೆ.

"ನಾಳೆ ಹೊರಡು" ಎಂದಳು ಅಪರ್ಣಾ. "ಅಡಿಲೇಡ್‌ಗೆ ಟಿಕೆಟ್ ಮಾಡ್ತೀನಿ. ಹೋಗೋ ಮುಂಚೆ ಅವಳಿಗೆ ನೀನೇ ಹೇಳ್ಬೇಕು, ನೀನು ಹೇಳಿದ್ದು ಸುಳ್ಳು ಅಂತ. ನಾನು ಹೇಳಿದ್ರೆ ನಂಬಲ್ಲ. ನಂಬೋದು ನಿನ್ನ."

ಮಾಲವಿಕಾ ತನ್ನ ಕೋಣೆಯಲ್ಲಿ ಓದುವ ಮೇಜಿನ ಕೆಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸಿಂಚನಾ ಬಾಗಿಲು ಹಾಕಿ ನೆಲದ ಮೇಲೆ ಕೂತಳು. ಕಿಟಕಿಯಲ್ಲಿ ಇನ್ನೂ ಬಿಳಿ ಬಿಸಿಲು.

"ಪುಟ್ಟಿ, ನಾನು ನಿಂಗೆ ಸುಳ್ಳು ಹೇಳಿದ್ದೆ. ಒಂಬತ್ತು ದಿನ ಮಾಡಿದ್ರೆ ಏನೂ ವಾಪಸ್ ಬರಲ್ಲ."

"ಯೂ ಸೆಡ್ ಬರುತ್ತೆ."

"ಹೇಳಿದ್ದೆ."

"ವೈ?"

ಒಳ್ಳೆಯ ಕಾರಣವೊಂದನ್ನು ಹುಡುಕಿದಳು ಸಿಂಚನಾ. ಸಿಗಲಿಲ್ಲ. "ನೀನು ನನ್ ಪಕ್ಕ ಕೂತ್ಕೊಂಡಿದ್ದೆ. ಇಲ್ಲ ಅಂದ್ರೆ ಎದ್ದು ಹೋಗ್ತೀಯ ಅನ್ನಿಸ್ತು."

ಮಾಲವಿಕಾ ಹೊರಳಿ ಅವಳನ್ನು ನೋಡಿದಳು. ಅತ್ತು ಊದಿಕೊಂಡ ಕಣ್ಣು, ಆದರೆ ಅದರಲ್ಲಿ ಅಳು ಇರಲಿಲ್ಲ.

"ದಟ್ಸ್ ಅ ರಿಯಲಿ ಡಂಬ್ ರೀಸನ್."

"ಹೌದು."

"ಬಟ್ ಅವನು ಕಣ್ ಬಿಟ್ಟಿದ್ದು ನಿಜ. ಮೇಬಿ ಅವನು ಬಿಡ್ದೇ ಇದ್ದಿದ್ರೆ..."

"ಇಲ್ಲ."

"ಹೌ ಡು ಯೂ ನೋ?"

ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದಗಳ ನೆರಳು ಬಿದ್ದಿತ್ತು. ಯಾವಾಗ ಬಂದು ನಿಂತಿದ್ದವೋ. ಸಿಂಚನಾ ಆ ನೆರಳನ್ನು ನೋಡುತ್ತಲೇ ಹೇಳಿದಳು.

"ಅವನು ಚಿಕ್ಕೋನು, ಪುಟ್ಟಿ. ಚಿಕ್ಕೋರು ಕಣ್ ಬಿಡ್ತಾರೆ. ಹಲ್ಲಿ ನೋಡ್ತಾರೆ. ನಿದ್ದೇನೂ ಮಾಡ್ಬಿಡ್ತಾರೆ, ಎಷ್ಟು ಎಬ್ಬಿಸಿದ್ರೂ ಏಳಲ್ಲ. ಬಿಸ್ಕಿಟ್ ಹೋಗಿದ್ದು ಹಕ್ಕಿ ಆಗಿದ್ದಕ್ಕೆ. ವಾಪಸ್ ಬರದೇ ಇರೋದು ದಾರಿ ಗೊತ್ತಿಲ್ಲದ್ದಕ್ಕೆ. ಅಷ್ಟು ಹೊತ್ತು ಮಂಡಿ ಸುಟ್ಕೊಂಡು ಕೂತ್ನಲ್ಲ ಅವನು, ಬಾಗಿಲು ಹಾಕ್ಲಿಲ್ಲ ಅಂತ ಅವನಿಗೂ ಬೇಜಾರಾಗಿತ್ತು. ಅದಕ್ಕೇ ಕೂತಿದ್ದ. ಅವನಿಗೂ ಬಿಸ್ಕಿಟ್ ಬೇಕಾಗಿತ್ತು."

ಮಾಲವಿಕಾ ಮೇಜಿನ ಕಾಲನ್ನು ಉಗುರಿನಿಂದ ಕೆರೆಯುತ್ತ ಬಿದ್ದಿದ್ದಳು. ನೆರಳು ಅಲ್ಲೇ ಇತ್ತು.

"ಐ ಸ್ಟಿಲ್ ಹೇಟ್ ಹಿಮ್."

"ಆಯ್ತು."

"ಆ್ಯಂಡ್ ಯೂ."

"ಆಯ್ತು."

ನೆರಳು ಸರಿದುಹೋಯಿತು. ಹಜಾರದಲ್ಲಿ ನಡಿಗೆಯ ಸದ್ದು ಋತ್ವಿಕ್ ಮಲಗಿದ್ದ ಕೋಣೆಯವರೆಗೆ ಹೋಗಿ ನಿಂತಿತು. ರಾತ್ರಿ ಊಟಕ್ಕೆ ಭರತೇಶ್ ಎರಡು ಸಲ ಉಪ್ಪು ಕೇಳಿದ. ಋತ್ವಿಕ್ ಅರ್ಧ ಅನ್ನ ಬಿಟ್ಟ. ಅಪರ್ಣಾ ನೋಡಿದಳು, ತಟ್ಟೆ ತೆಗೆದು ಕಸಕ್ಕೆ ಸುರಿದಳು. ಅಡಿಲೇಡ್‌ನಲ್ಲಿದ್ದ ಕ್ಲಾಸ್‌ಮೇಟ್ ಭಾವನಾ, ಹತ್ತು ದಿನ ನೆಲದ ಮೇಲೆ ಹಾಸಿಗೆ ಸಾಕಾದರೆ ಬಾ ಎಂದು ಮೆಸೇಜ್ ಕಳಿಸಿದಳು. ಸಿಂಚನಾ ಸೂಟ್‌ಕೇಸ್ ತುಂಬಿ ಮಲಗಿದಳು, ಬೆಳಗಿನವರೆಗೂ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಕೈಯ ಹಿಂಬದಿಯ ಚರ್ಮವನ್ನು ತಾನೇ ಒಂದು ಸಲ ಚಿವುಟಿಕೊಂಡು ನೋಡಿದಳು.

ಬೆಳಿಗ್ಗೆ ಭರತೇಶ್ ಕಾರಿನ ಕೀ ಕೈಗೆತ್ತಿಕೊಂಡಾಗ ಅಪರ್ಣಾ ಅದನ್ನು ಇಸಿದುಕೊಂಡಳು. "ನಾನೇ ಬಿಡ್ತೀನಿ. ನಂಗೆ ಆ ಕಡೇನೇ ಕೆಲಸ ಇದೆ." ಯಾವ ಕೆಲಸವೆಂದು ಅವನು ಕೇಳಲಿಲ್ಲ. ಋತ್ವಿಕ್ ಪಟ್ಟಿ ಕಟ್ಟಿದ ಕಾಲನ್ನು ಅಗಲಿಸಿಕೊಂಡು ನಡೆದು ಬಂದು ಟಾಟಾ ಮಾಡಿದ. ಮಾಲವಿಕಾ ಹೊರಗೆ ಬರಲಿಲ್ಲ.

"ಬೆಲ್ಟ್ ಹಾಕ್ಕೋ."

ಹಾಕಿಕೊಂಡಳು.

"ನೀರು ತಗೊಂಡ್ಯಾ?"

"ಹ್ಞೂಂ."

ಟಾಂಕಿನ್ ಹೆದ್ದಾರಿಯಲ್ಲಿ ಲಾರಿಗಳ ಸಾಲು, ಎರಡೂ ಬದಿಗೆ ಒಣಗಿದ ಹುಲ್ಲು. ಅಪರ್ಣಾ ಎರಡು ಕೈಯಿಂದ ಸ್ಟೇರಿಂಗ್ ಹಿಡಿದು ನೇರ ನೋಡುತ್ತಿದ್ದಳು. ರೇಡಿಯೋ ಹಾಕಿರಲಿಲ್ಲ. ಏನಾದರೂ ಹೇಳಬೇಕು, ಇದೇ ಕೊನೆಯ ಅರ್ಧ ಗಂಟೆ ಎಂದು ಸಿಂಚನಾ ಒಂದೊಂದೇ ವಾಕ್ಯ ಜೋಡಿಸುತ್ತಿದ್ದಳು. ಜೋಡಿಸಿದ್ದು ಜಾರಿ ಜಾರಿ ಹೋಗುತ್ತಿತ್ತು. ಕಿಟಕಿಯ ಗಾಜು ಬೆಚ್ಚಗಿತ್ತು.

ಎಚ್ಚರವಾದಾಗ ಮೊದಲು ಕಂಡದ್ದು ಏರ್‌ಪೋರ್ಟಿನ ಹಸಿರು ಫಲಕ. ಪ್ರಯಾಣಿಕರನ್ನು ಇಳಿಸುವ ಜಾಗಕ್ಕೆ ಎಡಕ್ಕೆ ಬಾಣ. ಕಾರ್ ಎಡಕ್ಕೆ ತಿರುಗಲಿಲ್ಲ, ಮುಂದೆ ಹೋಯಿತು. ಅಕ್ಕ ದಾರಿ ತಪ್ಪಿದಳೇನೋ ಎಂದುಕೊಂಡಳು ಸಿಂಚನಾ. ತಲೆಯನ್ನು ಗಾಜಿನಿಂದ ಎತ್ತಲಿಲ್ಲ, ಅರೆಗಣ್ಣಲ್ಲೇ ನೋಡಿದಳು. ಬಾಡಿಗೆ ಕಾರುಗಳ ಮೈದಾನ, ಒಂದು ಹೋಟೆಲ್ಲು, ಪೆಟ್ರೋಲ್ ಬಂಕು, ಆಮೇಲೆ ವೃತ್ತ. ವೃತ್ತದಲ್ಲಿ ಕಾರ್ ಪೂರ್ತಿ ಸುತ್ತು ಬಂತು. ಅಪರ್ಣಾಗೆ ದಾರಿ ಹುಡುಕುವವಳ ಗಡಿಬಿಡಿ ಇರಲಿಲ್ಲ. ದಿನಾ ಓಡಾಡುವ ರಸ್ತೆಯಲ್ಲಿ ಹೋಗುವವಳ ಹಾಗೆ ಹೋಗುತ್ತಿದ್ದಳು. ಮತ್ತೆ ಪೆಟ್ರೋಲ್ ಬಂಕು, ಮತ್ತೆ ಹೋಟೆಲ್ಲು. ಗಡಿಯಾರ ಒಂಬತ್ತಾಗಲು ಐದು ನಿಮಿಷ ತೋರಿಸುತ್ತಿತ್ತು. ಅರ್ಧ ಗಂಟೆಯ ದಾರಿಗೆ ಅವರು ಮನೆ ಬಿಟ್ಟದ್ದು ಏಳೂಮುಕ್ಕಾಲಿಗೆ. ವಿಮಾನ ಹನ್ನೊಂದಕ್ಕೆ. ಸಿಂಚನಾಳ ಕಡೆಯ ಬಿಸಿಲುಪರದೆ ಇಳಿದಿತ್ತು, ಅವಳು ಇಳಿಸಿರಲಿಲ್ಲ.

ಹಸಿರು ಫಲಕ ಮತ್ತೆ ಬಂತು. ಅಪರ್ಣಾ ವೇಗ ತಗ್ಗಿಸಿ ಎಡಗಡೆಯ ಇಂಡಿಕೇಟರ್ ಹಾಕಿದಳು. ಅದು ಟಿಕ್ ಟಿಕ್ ಎನ್ನತೊಡಗಿತು. ಅಕ್ಕನ ಕತ್ತು ತನ್ನ ಕಡೆ ತಿರುಗುತ್ತಿರುವುದು ತಿಳಿದು ಸಿಂಚನಾ ಇನ್ನೂ ನಿದ್ದೆಯಲ್ಲಿರುವವಳ ಹಾಗೆ ಕಣ್ಣು ಮುಚ್ಚಿದಳು.

ಟಿಕ್ ಟಿಕ್ ಇನ್ನೂ ನಾಲ್ಕೈದು ಸಲ ಕೇಳಿಸಿತು. ಆಮೇಲೆ ನಿಂತಿತು. ಕಾರ್ ನೇರ ಹೋಯಿತು.